ಹೂ ಬಿಡದ ಚಪ್ಪರ

ಮೊದಲ ಏಟು ಬಿದ್ದದ್ದು ಪೆಟ್ಟಿಗೆಯ ಮೇಲೆ, ಮನುಷ್ಯನ ಮೇಲಲ್ಲ. ಅವಳ ಗಂಡ ಎರಡೂ ಕೈಯಲ್ಲಿ ಹಾರೆ ಎತ್ತಿ ಇಳಿಸಿದ. ಜೇನುಪೆಟ್ಟಿಗೆಯ ಮುಚ್ಚಳ ಹೋಳಾಗಿ ಹಾರಿತು. ಒಳಗಿನ ಎರಿಗಳು ಮುರಿದು, ತುಪ್ಪ ಪೆಟ್ಟಿಗೆಯ ಕಾಲುಗಳ ಮೇಲೆ ನಿಧಾನವಾಗಿ ಇಳಿಯತೊಡಗಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹುಳುಗಳು ಎದ್ದವು.

“ಮುಂದಿನದು!” ಎಂದ ಗಂಡ.

“ಮುಂದಿನದು!” ಎಂದ ಮೈದುನ, ಪಕ್ಕದ ಪೆಟ್ಟಿಗೆಯನ್ನು ಒದ್ದು ಉರುಳಿಸುತ್ತ.

ಅವಳು ಏದುಸಿರು ಬಿಡುತ್ತ ಗೇಟಿನ ಹತ್ತಿರ ಬಂದಾಗ ಆಗಬಾರದ್ದು ಅರ್ಧ ಆಗಿಹೋಗಿತ್ತು. ಆ ಅಂಗಳ ಅವಳ ತವರಿನದು. ಆ ಪೆಟ್ಟಿಗೆಗಳು ಅವಳ ಅಣ್ಣನವು. ಬೇಲಿಯ ಈಚೆ ಗಂಡನ ತೋಟ, ಆಚೆ ಅಣ್ಣನ ಮನೆ. ಕೂಗಳತೆಯ ಸಂಬಂಧ, ಕರೆದರೆ ಓ ಅನ್ನುವಷ್ಟು ಹತ್ತಿರ, ಇದಕ್ಕಿಂತ ಇನ್ನೇನು ಬೇಕು ಎಂದು ಮದುವೆ ಮಾಡಿಸಿದವರು ಹೇಳಿದ್ದರು. ಕೂಗಿದರೆ ಕೇಳುತ್ತದೆ ಎಂಬುದೇನೋ ನಿಜವೇ. ಕಿರುಚಿದರೂ ಕೇಳುತ್ತದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಅಣ್ಣ ಒಳಗಿನಿಂದ ಹೊಗೆಡಬ್ಬಿ ಹಿಡಿದುಕೊಂಡೇ ಓಡಿಬಂದ. ಜೇನನ್ನು ಮಂಕು ಮಾಡಲು ಹೊಗೆಯೂದುವ ತಗಡಿನ ಡಬ್ಬಿ ಅದು, ಒಳಗೆ ಕೆಂಡವಿತ್ತು.

“ಏಯ್ ತಂತಿ! ಹುಳ ಏನೋ ಮಾಡಿತ್ತು ನಿನಗೆ?” ಎಂದು ಅವಳ ಗಂಡನ ಮೇಲೆ ಕೂಗಿದ. ತಂತಿ ಎಂಬುದು ಊರು ಅವನಿಗಿಟ್ಟ ಹೆಸರು.

“ಏನೂ ಮಾಡ್ಲಿಲ್ಲ ಅಂತಾನೇ ಹೊಡೀತಿರೋದು!”

“ಅಂತಾನೇ ಹೊಡೀತಿರೋದು!” ಎಂದ ಮೈದುನ. ತನ್ನ ಅಣ್ಣನ ಮಾತಿನ ಬಾಲ ಹಿಡಿದು ತಾನೂ ಹೇಳುವುದು ಅವನಿಗೆ ಚಿಕ್ಕಂದಿನಿಂದ ಬಂದ ಚಾಳಿ. ಊರಿಗೆಲ್ಲ ಅವನು ಗಿಣಿ.

ಅವಳ ಅಣ್ಣ ನೇರ ಹೋಗಿ ಹೊಗೆಡಬ್ಬಿಯನ್ನು ತಂತಿಯ ಕೆನ್ನೆಗೆ ಒತ್ತಿದ. ಚರ್ಮ ಚುರುಗುಟ್ಟಿದ ಸದ್ದು ಗೇಟಿನವರೆಗೂ ಕೇಳಿಸಿತು. ತಂತಿ ಒಂದು ಹೆಜ್ಜೆ ಹಿಂದೆ ಸರಿದ, ಹಾರೆಯನ್ನು ಅಡ್ಡಡ್ಡ ಬೀಸಿದ. ಹೊಗೆಡಬ್ಬಿ ಹಿಡಿದಿದ್ದ ಮುಂಗೈ ಮುರಿಯಿತು. ಹಸಿ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ, ಅಷ್ಟೇ ಸದ್ದು.

ಅವಳು ನಡುವೆ ನುಗ್ಗಿದಳು. ಯಾರ ಮೊಣಕೈಯೋ ಗೊತ್ತಿಲ್ಲ, ತುಟಿಗೆ ಬಡಿಯಿತು; ಬಾಯಿತುಂಬ ಉಪ್ಪುಪ್ಪು. ಬೇಡ ಬೇಡ ಎಂದು ಇಬ್ಬರ ಅಂಗಿಯನ್ನೂ ಹಿಡಿದು ಜಗ್ಗಿದಳು. ಆದರೆ ಅವರನ್ನು ಬಿಡಿಸಿದ್ದು ಅವಳಲ್ಲ, ಜೇನು. ಗೂಡು ಕಳೆದುಕೊಂಡ ಹುಳುಗಳಿಗೆ ಒಡೆದವನು ಯಾರು, ಸಾಕಿದವನು ಯಾರು ಎಂಬ ಭೇದವಿರಲಿಲ್ಲ. ಗಿಣಿ ತಲೆಯ ಮೇಲೆ ಅಂಗಿ ಎಳೆದುಕೊಂಡು ಮೊದಲು ಓಡಿದ.

ತಂತಿ ಗೇಟಿನಿಂದ ತಿರುಗಿ ನೋಡಿದ. “ನಾಳೆ ಸಂಜೆ ಒಳಗೆ ಉಳಿದ ಪೆಟ್ಟಿಗೆ ನನ್ನ ಚಪ್ಪರದ ಕೆಳಗಿರ್ಬೇಕು. ಇಲ್ದಿದ್ರೆ ನಿನ್ನ ಕಥೆ ಮುಗೀತು ಅಂತ ತಿಳ್ಕೋ.”

“ಮುಗಿಸೋಕೆ ಬರೋವಾಗ ಚಪ್ಪರದ ಕಡೆ ಒಂದು ಕಣ್ಣಿಟ್ಟು ಬಾ,” ಎಂದ ಅಣ್ಣ, ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು. “ನೀನು ಬರೋ ಹೊತ್ತಿಗೆ ಅದು ನೆಲದ ಮೇಲಿರುತ್ತೆ.”

ಅವಳಿಗೆ ಇಬ್ಬರೂ ಗೊತ್ತು. ಒಬ್ಬನ ಜೊತೆ ಹುಟ್ಟಿದವಳು, ಇನ್ನೊಬ್ಬನ ಜೊತೆ ಬಾಳುವವಳು. ಇಬ್ಬರೂ ಬರೀ ಬಾಯಲ್ಲಿ ಬಡಾಯಿ ಕೊಚ್ಚಿ ಸುಮ್ಮನಾಗುವವರಲ್ಲ. ನಾಳೆ ಸಂಜೆಗೆ ಒಬ್ಬ ಹೆಣ, ಇನ್ನೊಬ್ಬ ಜೈಲು. ಆಮೇಲೆ ತಾನು ಯಾವ ಮನೆಯ ಬಾಗಿಲು ತಟ್ಟಬೇಕು?

*

ಗಂಡನನ್ನು ಸುತ್ತಲಿನ ತೋಟದವರೆಲ್ಲ ತಂತಿ ಎಂದೇ ಕರೆಯುತ್ತಿದ್ದರು. ಸೀಮೆಬದನೆಗೆ ಚಪ್ಪರ ಕಟ್ಟುವುದರಲ್ಲಿ ಅವನನ್ನು ಮೀರಿಸುವ ಕೈ ಇರಲಿಲ್ಲ. ಆ ಬಳ್ಳಿ ನೋಡಲು ಕೋಮಲ, ತೂಕದಲ್ಲಿ ರಾಕ್ಷಸಿ. ಎಲೆ, ಕಾಂಡ, ಕಾಯಿ ಎಲ್ಲ ಸೇರಿ ತಲೆಯ ಮೇಲೆ ಒಂದು ಹಸಿರು ಗುಡ್ಡವೇ ಕೂತಂತೆ. ಅದನ್ನು ಹೊರುವ ತಂತಿ ಬಿಗಿಯಾಗಿರಬೇಕು. ಅವನು ಎಳೆದು ಕಟ್ಟಿದ ತಂತಿಯನ್ನು ಬೆರಳಿಂದ ಮೀಟಿದರೆ ಶ್ರುತಿ ಹಿಡಿದ ವಾದ್ಯದಂತೆ ಮೊಳಗುತ್ತಿತ್ತು. ಬಿಗಿಯುವುದು ಅಷ್ಟು ಚೆನ್ನಾಗಿ ಬಲ್ಲವನಿಗೆ ಸಡಿಲಿಸುವುದು ಮಾತ್ರ ಗೊತ್ತಿರಲಿಲ್ಲ, ಮನೆಯಲ್ಲೂ ಅಷ್ಟೇ.

ಆ ವರ್ಷ ಚಪ್ಪರದಲ್ಲಿ ಕಾಯಿ ಇರಲಿಲ್ಲ. ಎಲೆಗಳೇನೋ ತಟ್ಟೆಯಗಲ, ಕಪ್ಪುಹಸಿರು. ಬಳ್ಳಿಗಳು ತಂತಿಯಿಂದ ತಂತಿಗೆ ಹಾರಿ ಆಚೆಯ ಮರವನ್ನೂ ಹಿಡಿದಿದ್ದವು. ಕಾಯಿ ಕೇಳಿದರೆ ಕೈಯಾಡಿಸುತ್ತಿದ್ದವು. ಅಕ್ಕಪಕ್ಕದ ತೋಟಗಳಿಂದ ಗಾಡಿ ಗಾಡಿ ಮಾಲು ಹೊರಡುತ್ತಿತ್ತು. ಅದೇ ಮಂಜು, ಅದೇ ಮಳೆ, ಅದೇ ಮಣ್ಣು. ಗೊಬ್ಬರ ಹೆಚ್ಚಾಗಿ ಬಳ್ಳಿಗೆ ಸೊಕ್ಕು ಬಂದಿದೆ ಎಂದು ಒಬ್ಬರೆಂದರೆ ಗಂಡ ಗೊಬ್ಬರ ನಿಲ್ಲಿಸಿದ. ಬುಡದಲ್ಲಿ ನೀರು ನಿಂತಿದೆ ಎಂದು ಇನ್ನೊಬ್ಬರೆಂದರೆ ಕಾಲುವೆ ತೋಡಿದ. ತುದಿ ಚಿವುಟಿದ್ದಾಯಿತು, ಹಳೆ ಎಲೆ ಕೊಯ್ದದ್ದಾಯಿತು. ಬಳ್ಳಿ ಇನ್ನೂ ಹುಲುಸಾಯಿತು, ಅಷ್ಟೆ.

ಕೊನೆಗೆ ಉಳಿದದ್ದು ಜೇನು. ಈ ಬಳ್ಳಿಯ ಗಂಡುಹೂವಿನಿಂದ ಹೆಣ್ಣುಹೂವಿಗೆ ಹುಡಿ ಹೊರುವ ಕೆಲಸ ಹುಳದ್ದೇ. ಹುಳ ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ಹಿಂದೆಲ್ಲ ಅಣ್ಣನ ಪೆಟ್ಟಿಗೆಗಳು ಚಪ್ಪರದ ಕೆಳಗೇ ಇರುತ್ತಿದ್ದವು. ಹಿಂದಿನ ವರ್ಷ ಎಲೆಗೆ ನುಸಿ ಬಿದ್ದಾಗ ಗಿಣಿ ಹಾಡುಹಗಲಲ್ಲಿ, ಹುಳ ಹೂವಿನ ಮೇಲಿರುವ ಹೊತ್ತಿನಲ್ಲೇ ವಿಷ ಹೊಡೆದುಬಿಟ್ಟ. ಹುರಿದ ಕಾಳು ಚೆಲ್ಲಿದ ಹಾಗೆ ನೆಲತುಂಬ ಜೇನು. ಅಣ್ಣ ಅವನ್ನು ಒಂದು ಮೊರದಲ್ಲಿ ಗುಡಿಸಿ ತಂದು ಈ ಮನೆಯ ಹೊಸಿಲ ಮೇಲೆ ಸುರಿದ. “ಇನ್ನು ನಿಮ್ಮ ಚಪ್ಪರದ ಕೆಳಗೆ ನನ್ನ ಒಂದು ಹುಳ ಬಂದ್ರೆ ಕೇಳಿ,” ಎಂದು ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದ. ಹಾಗಾಗಿ ಈ ವರ್ಷ ಕಾಯಿ ಇಲ್ಲದ್ದಕ್ಕೆ ಅಣ್ಣನೇ ಕಾರಣ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅವಳು ದೀಪದ ಹತ್ತಿರ ಗಂಡನನ್ನು ಕೂರಿಸಿ ಕತ್ತಿನಿಂದ, ಕಿವಿಯ ಹಿಂದಿನಿಂದ ಜೇನಿನ ಮುಳ್ಳುಗಳನ್ನು ಉಗುರಲ್ಲಿ ಕೀಳುತ್ತಿದ್ದಳು. ಕೆನ್ನೆಯ ಮೇಲೆ ಡಬ್ಬಿಯ ಅಂಚಿನ ಗುರುತು ಅರ್ಧಚಂದ್ರದಂತೆ ಉಬ್ಬಿತ್ತು.

“ನಿಧಾನ! ಅಣ್ಣನ ಸೇಡು ನನ್ನ ಕಿವಿ ಮೇಲೆ ತೀರಿಸ್ಕೋತಿದ್ದೀಯಾ?”

“ಅವಳ ತಕ್ಕಡಿ ಯಾವಾಗ್ಲೂ ತವರಿನ ಕಡೆಗೇ ವಾಲೋದು,” ಎಂದಳು ಅತ್ತೆ ಮೂಲೆಯಿಂದ.

“ಕೈ ಮುರಿದದ್ದು ಅವನದು, ಅತ್ತೆ.”

ಗಂಡ ಅವಳ ಮಣಿಕಟ್ಟನ್ನು ಹಿಡಿದ. ಸುಮ್ಮನೆ ಹಿಡಿದದ್ದಲ್ಲ, ತಂತಿಯನ್ನು ಇಕ್ಕಳದಲ್ಲಿ ಹಿಡಿಯುವ ಹಿಡಿತ. “ಯಾರ ಕಡೆ ನೀನು? ಒಂದೇ ಮಾತಲ್ಲಿ ಹೇಳು.”

ಅವಳು ಇನ್ನೊಂದು ಕೈಯಿಂದ ಮುಂದಿನ ಮುಳ್ಳು ಕಿತ್ತಳು. ಅವನು ಕೈ ಬಿಡಲು ತಡಮಾಡಿದ. ಬಿಟ್ಟಾಗ ಬೆರಳಿನ ಗುರುತುಗಳು ಅವಳ ಚರ್ಮದ ಮೇಲೆ ಬಿಳಿಯಾಗಿ, ಆಮೇಲೆ ಕೆಂಪಾಗಿ ಕಾಣಿಸಿಕೊಂಡವು. ಮುಂದಿದ್ದ ಊಟದ ತಟ್ಟೆಯನ್ನು ಕಾಲಲ್ಲಿ ತಳ್ಳಿ ಎದ್ದುಹೋದ. ಗೋಡೆಗೆ ಒರಗಿಸಿಟ್ಟ ಹಾರೆಯನ್ನು ಒಂದು ಸಲ ಮುಟ್ಟಿ ನೋಡಿ ಮಲಗಿದ.

*

ಬೆಳಗಿನ ಜಾವದ ಮಸುಕಿನಲ್ಲೇ ಅವಳು ಚಪ್ಪರದ ಕೆಳಗೆ ಹೋದಳು. ಏನನ್ನು ಹುಡುಕುತ್ತಿದ್ದೇನೆ ಎಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಣ್ಣುಮುಚ್ಚಿದರೆ ಸಂಜೆ ಕಾಣುತ್ತಿತ್ತು. ತೆರೆದಿಟ್ಟುಕೊಂಡು ಏನಾದರೂ ನೋಡುವುದೇ ಮೇಲು.

ಚಪ್ಪರದ ಕೆಳಗಿನ ನೆಲ ಗುಡಿಸಿಟ್ಟಂತಿತ್ತು. ಅದನ್ನು ದಾಟಿ ಹೋದವಳು ಗಕ್ಕನೆ ನಿಂತಳು. ಗುಡಿಸಿಟ್ಟಂತೆ? ಜೇನು ಬರದ ಚಪ್ಪರದ ಕೆಳಗೆ ನೆಲ ಹಾಗಿರಬಾರದು. ಹುಡಿ ಬೀಳದ ಹೆಣ್ಣುಹೂವು ಬುಡದಲ್ಲಿ ಬಟಾಣಿಯಷ್ಟು ಮಿಡಿ ಹೊತ್ತುಕೊಂಡೇ ಹಳದಿಯಾಗಿ ಉದುರುತ್ತದೆ. ಜೇನು ಕೈಕೊಟ್ಟಿದ್ದರೆ ನೆಲದ ತುಂಬ ಆ ಮಿಡಿಗಳು ಬಿದ್ದಿರಬೇಕಿತ್ತು. ಅವಳು ಮಂಡಿಯೂರಿ ಕೈಯಲ್ಲಿ ತಡಕಿದಳು. ಒಂದೂ ಇಲ್ಲ. ಎದ್ದು ಬಳ್ಳಿಯ ಗೆಣ್ಣುಗಳನ್ನು ಒಂದೊಂದೇ ತಿರುಗಿಸಿ ನೋಡಿದಳು. ಎಲೆ, ಹಂಬು, ಎಲೆ, ಹಂಬು. ಹೂವೇ ಇಲ್ಲ. ಮೊಗ್ಗೂ ಇಲ್ಲ.

ಹೂವೇ ಬಿಡದ ಮೇಲೆ ಜೇನು ಬಂದು ಮಾಡುವುದೇನು?

ನಿನ್ನೆ ಮುರಿದ ಕೈ ಸುಮ್ಮಸುಮ್ಮನೆ ಮುರಿದದ್ದು. ಅವಳು ಸಾಲಿನಿಂದ ಸಾಲಿಗೆ, ತಲೆಯೆತ್ತಿ, ಕತ್ತು ನೋಯುವವರೆಗೂ ನೋಡುತ್ತ ಹೋದಳು. ನೀರಿನ ತೊಟ್ಟಿ ದಾಟಿ, ಕಾಯಿ ಇಲ್ಲವೆಂದು ಯಾರೂ ಕಾಲಿಡದೆ ಬಿಟ್ಟಿದ್ದ ಹಿಂದಿನ ಮೂಲೆಗೆ ಬಂದಾಗ ಹಣೆಗೆ ಏನೋ ತಣ್ಣಗೆ ತಾಗಿತು.

ಕಾಯಿ.

ತಿಳಿಹಸಿರು, ಸುಕ್ಕು, ಮುಚ್ಚಿದ ಮುದುಕಿಯ ಬಾಯಿಯಂಥ ತುದಿ. ಅದರ ಪಕ್ಕ ಇನ್ನೊಂದು. ಮೇಲೆ ನೋಡಿದರೆ ಗೊಂಚಲು ಗೊಂಚಲು, ತಂತಿ ಬಗ್ಗುವಷ್ಟು. ಹಾಗಂತ ಎಲ್ಲ ಕಡೆಯೂ ಅಲ್ಲ. ತೊಟ್ಟಿಯ ಹಿಂದೆ ಕಿರಿದಾಗಿ ಶುರುವಾಗಿ ಬೇಲಿಯ ಕಡೆಗೆ ಅಗಲವಾಗುತ್ತ ಹೋದ ಒಂದು ಪಟ್ಟಿಯಲ್ಲಿ ಮಾತ್ರ. ಯಾರೋ ಬಟ್ಟೆ ಕತ್ತರಿಸಿ ಹಾಸಿದ ಹಾಗೆ ಅದರ ಅಂಚು ನೇರವಾಗಿತ್ತು. ಅಂಚಿನ ಈಚೆಗೆ ಕಾಯಿ, ಆಚೆಗೆ ಬರೀ ಎಲೆ, ಬಳ್ಳಿ ಒಂದೇ.

ಅವಳು ತಿರುಗಿ ನಿಂತಳು. ಪಂಪುಮನೆಯ ಕಂಬದ ಮೇಲೆ ದೊಡ್ಡ ದೀಪ ಇನ್ನೂ ಉರಿಯುತ್ತಿತ್ತು. ಹಿಂದಿನ ಕೊಯ್ಲಿನಲ್ಲಿ ಕಳ್ಳರು ನುಗ್ಗಿದ ಮೇಲೆ ಗಂಡ ಹಾಕಿಸಿದ್ದ ದೀಪ; ಆಟದ ಮೈದಾನಕ್ಕೆ ಹಾಕುವಂಥದ್ದು. ಕತ್ತಲಾದರೆ ಹಚ್ಚುವುದು, ಬೆಳಕು ಹರಿದ ಮೇಲೆ ಗಿಣಿ ಬಂದು ಆರಿಸುವುದು. ಚಪ್ಪರದ ಕೆಳಗೆ ಸೂಜಿ ಬಿದ್ದರೂ ಸಿಗುತ್ತದೆ ಎಂದು ಗಂಡ ಬಂದವರಿಗೆಲ್ಲ ತೋರಿಸುತ್ತಿದ್ದ. ಆ ದೀಪಕ್ಕೂ ಅವಳಿಗೂ ನಡುವೆ, ಚಪ್ಪರಕ್ಕಿಂತ ಎತ್ತರಕ್ಕೆ ಕಟ್ಟಿದ ನೀರಿನ ತೊಟ್ಟಿ. ತೊಟ್ಟಿಯ ನೆರಳು ಎಲ್ಲಿ ಬಿದ್ದಿತ್ತೋ ಅಲ್ಲಿ ಕಾಯಿ. ನೆರಳಿನ ಅಂಚೇ ಕಾಯಿಯ ಅಂಚು.

ಹಗಲು ಮೋಟಾಗಿ ಇರುಳು ಬೆಳೆಯುವ ಕಾಲಕ್ಕೆ ಈ ಬಳ್ಳಿ ಹೂ ಬಿಡುವುದು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಬಳ್ಳಿಗೆ ಇರುಳು ಬಂತೆಂದು ತಿಳಿಯುವುದು ಕತ್ತಲೆಯಿಂದ ಎಂದು ಯಾರು ಯೋಚಿಸಿದ್ದರು? ಇಡೀ ಚಪ್ಪರಕ್ಕೆ ಇವರು ರಾತ್ರಿಯನ್ನೇ ಕೊಟ್ಟಿರಲಿಲ್ಲ.

*

ಅವಳು ಒಂದು ಕಾಯಿ ಕಿತ್ತು ಮನೆಗೆ ಓಡಿದಳು. ಅದೇ ತಪ್ಪಾಯಿತೇನೋ. ಗಂಡ ಜಗಲಿಯಲ್ಲಿ ಹಾರೆಯ ತುದಿಯನ್ನು ಕಲ್ಲಿಗೆ ಉಜ್ಜುತ್ತಿದ್ದ. ಅವಳ ಕೈಯಲ್ಲಿನ ಕಾಯಿ ನೋಡಿ ಎದ್ದುನಿಂತ.

“ಎಲ್ಲಿತ್ತು?”

“ತೊಟ್ಟಿ ಹಿಂದೆ. ಬೇಕಾದಷ್ಟಿದೆ. ಆದ್ರೆ—”

“ನೋಡಿದ್ಯಾ? ನೋಡಿದ್ಯಾ ನಿನ್ನ ಅಣ್ಣನ ಬುದ್ಧಿ? ಆ ಮೂಲೆಗೆ ಮಾತ್ರ ಹುಳ ಬಿಟ್ಟು ನನ್ನ ಆಟ ಆಡಿಸ್ತಿದ್ದಾನೆ!”

“ಆಟ ಆಡಿಸ್ತಿದ್ದಾನೆ!” ಎಂದ ಗಿಣಿ.

“ಹುಳ ಅಲ್ಲ ರೀ, ಕೇಳಿ ಒಂದು ನಿಮಿಷ. ಹೂವೇ ಬಿಟ್ಟಿಲ್ಲ. ದೀಪ. ದೀಪದ ಬೆಳಕು ಬೀಳದ ಕಡೆ ಮಾತ್ರ ಹೂ ಬಿಟ್ಟಿದೆ. ತೊಟ್ಟಿ ನೆರಳು ಹೇಗೆ ಬಿದ್ದಿದೆಯೋ ಹಾಗೇ. ಬಂದು ಕಣ್ಣಾರೆ ನೋಡಿ.”

“ಬೆಳಕು ಬಿದ್ರೆ ಗಿಡ ಕೆಡುತ್ತೆ ಅಂತೀಯಾ? ಹಾಗಾದ್ರೆ ಸೂರ್ಯನ್ನೂ ಆರಿಸಿಬಿಡೋಣ ಬಿಡು.”

ಗಿಣಿ ನಕ್ಕ. ಅತ್ತೆ ನಗಲಿಲ್ಲ. “ಒಂದೆರಡು ವಾರ ಆರಿಸಿ ನೋಡಿದ್ರೆ ನಿನ್ನ ಗಂಟೇನು ಹೋಗುತ್ತೋ?” ಎಂದಳು.

ಆ ಮಾತಿಗೆ ಗಂಡನ ಮುಖ ಬದಲಾಯಿತು. ಚಪ್ಪರ ಕಟ್ಟಿದವನು ಅವನೇ. ತೊಟ್ಟಿ ಎಲ್ಲಿದೆ, ದೀಪ ಎಲ್ಲಿದೆ, ನೆರಳು ಎತ್ತ ಬೀಳುತ್ತದೆ ಎಂದು ಅವನಿಗೆ ಎದ್ದುಹೋಗಿ ನೋಡಬೇಕಾಗಿರಲಿಲ್ಲ. ಅರ್ಥವಾದದ್ದು ಕಣ್ಣಲ್ಲಿ ಒಂದು ಗಳಿಗೆ ಕಾಣಿಸಿತು. ಅವಳು ಅದನ್ನು ಕಂಡಳು. ಅವಳು ಕಂಡದ್ದನ್ನು ಅವನೂ ಕಂಡ. ಒಪ್ಪಿಕೊಂಡರೆ ಬಳ್ಳಿ ಬದುಕುತ್ತಿತ್ತು, ಆದರೆ ನಿನ್ನೆ ಮುರಿದ ಕೈಗೆ ಏನು ಹೇಳುವುದು?

ಅವಳ ಕೈಯಿಂದ ಕಾಯಿಯನ್ನು ಕಿತ್ತುಕೊಂಡು ಗೋಡೆಗೆ ಅಪ್ಪಳಿಸಿದ. ಅದು ಸೀಳಿ, ಒಳಗಿನ ಒಂಟಿ ಬೀಜ ಬಿಳಿ ನಾಲಗೆಯಂತೆ ಹೊರಬಂತು. ಮರು ಏಟು ಅವಳ ಕೆನ್ನೆಗೆ. ಅವಳು ಬಾಗಿಲಿನ ಚೌಕಟ್ಟಿಗೆ ಹೋಗಿ ಬಿದ್ದಳು. ನಿನ್ನೆಯ ತುಟಿ ಮತ್ತೆ ಒಡೆಯಿತು.

“ಸಂಜೆವರೆಗೂ ಕಾಯಲ್ಲ ನಾನು,” ಎಂದ ಗಂಡ. “ಈಗಲೇ ಹೋಗಿ ಅವನ ಮುಖಕ್ಕೇ ಕೇಳ್ತೀನಿ.”

“ಕೇಳಿ!” ಎಂದಳು ಅವಳು, ಬಾಯೊರೆಸಿಕೊಳ್ಳುತ್ತ. “ಕೇಳಿ ಅಂತಾನೇ ನಾನೂ ಹೇಳ್ತಿರೋದು. ಹಾರೆ ಇಟ್ಟು ಹೋಗಿ ಕೇಳಿ.”

ಅವನು ಹಾರೆ ಇಡಲಿಲ್ಲ. ಹೋಗುವ ಅಗತ್ಯವೂ ಬೀಳಲಿಲ್ಲ. ತೋಟದ ಕಡೆಯಿಂದ ಟಂಯ್ ಎಂದು ಒಂದು ಸದ್ದು ಬಂತು. ಬಿಗಿದ ತಂತಿಗೆ ಕಬ್ಬಿಣ ತಾಗಿದ ಸದ್ದು. ಆ ಮನೆಯಲ್ಲಿ ಅದು ಗೊತ್ತಿಲ್ಲದವರು ಇರಲಿಲ್ಲ.

*

ಅಣ್ಣ ಚಪ್ಪರದ ಮೂಲೆಯಲ್ಲಿ ಒಂದು ಮಂಡಿಯೂರಿ ಕೂತಿದ್ದ. ಮುರಿದ ಕೈಗೆ ಎರಡು ಹಲಗೆ ಕೊಟ್ಟು ಕಟ್ಟಿಸಿಕೊಂಡಿದ್ದ. ಆ ಮೂಲೆಯ ಸಿಮೆಂಟು ಕಂಬದ ನೆತ್ತಿಯಿಂದ ಪೆನ್ಸಿಲು ದಪ್ಪದ ಒಂದು ತಂತಿ ಓರೆಯಾಗಿ ಹೊರಗೆ ಇಳಿದು, ನೆಲದಲ್ಲಿ ಹೂತ ಬಂಡೆಗೆ ಕಟ್ಟಿಕೊಂಡಿತ್ತು. ಇಡೀ ಚಪ್ಪರದ ಎಳೆತ ಅಂಥ ನಾಲ್ಕು ಮೂಲೆತಂತಿಗಳ ಮೇಲೆ. ಒಂದು ಹೋದರೆ ಎಲ್ಲವೂ ಹೋದಂತೆ. ಅಣ್ಣ ಉದ್ದ ಹಿಡಿಯ ಕತ್ತರಿಯನ್ನು ತಂತಿಗೆ ಕಚ್ಚಿಸಿದ್ದ. ಒಂದು ಹಿಡಿ ಮೊಣಕಾಲ ಕೆಳಗೆ, ಇನ್ನೊಂದು ಒಳ್ಳೆಯ ಕೈಯಲ್ಲಿ.

“ಅಲ್ಲೇ ನಿಂತ್ಕೋ ತಂತಿ. ಇನ್ನೊಂದು ಹೆಜ್ಜೆ ಇಟ್ರೆ ಒತ್ತಿಬಿಡ್ತೀನಿ.”

ತಂತಿ ಚಪ್ಪರದ ಅಂಚಿನಲ್ಲಿ, ಕಂಬದ ಪಕ್ಕದಲ್ಲೇ ನಿಂತ. “ಒತ್ತು. ಒಂದು ಕೈಲಿ ಮೂಗು ಒರೆಸ್ಕೊಳ್ಳೋಕೂ ಆಗಲ್ಲ, ಇವನು ತಂತಿ ಕತ್ತರಿಸ್ತಾನಂತೆ!”

“ತಂತಿ ಕತ್ತರಿಸ್ತಾನಂತೆ!” ಎಂದ ಗಿಣಿ, ಒಂದು ಹೆಜ್ಜೆ ಹಿಂದೆ ಸರಿಯುತ್ತ.

ಅವಳು ಇಬ್ಬರ ನಡುವೆ ಬಂದು ನಿಂತಳು. “ಅಣ್ಣಾ, ಬಿಡು ಅದನ್ನ. ಜೇನಿನ ತಪ್ಪಲ್ಲ, ನಿನ್ನ ತಪ್ಪಲ್ಲ. ದೀಪ. ಇವರು ಹಾಕಿಸಿದ ದೀಪದಿಂದ ಹೂ ಬಿಟ್ಟಿಲ್ಲ. ನಾನೇ ನೋಡ್ದೆ. ಹೇಳಿದ್ದೀನಿ ಇವರಿಗೆ.”

ಅಣ್ಣ ಅವಳ ಒಡೆದ ತುಟಿ ನೋಡಿದ. ಆಮೇಲೆ ವಿಚಿತ್ರವಾಗಿ ನಕ್ಕ.

“ಈಗ ಗೊತ್ತಾಯ್ತಾ ಪುಟ್ಟಿ? ಹೂವು ಎಲ್ಲಿ ಅಂತ ನೋಡ್ಕೊಂಡೇ ಬದುಕೋನು ನಾನು. ಕಾಲ ಬಂದ್ರೂ ಹುಳ ಆ ತೊಟ್ಟಿ ಹಿಂದಿನ ಮೂಲೆಗೆ ಬಿಟ್ರೆ ಚಪ್ಪರದ ಬೇರೆ ಕಡೆ ತಿರುಗಿಯೂ ನೋಡ್ಲಿಲ್ಲ. ಬೇಲಿ ಹತ್ರ ನಿಂತು ಮೇಲೆ ನೋಡ್ದೆ. ಆ ದೀಪ ನೋಡ್ದೆ. ಆವತ್ತೇ ಗೊತ್ತಾಯ್ತು.”

ಅವಳು ಅವನ ಹತ್ತಿರಕ್ಕೆ ಹೋದಳು. “ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ಯಾ?”

“ಕೇಳಿದ್ನಾ ಅವನು? ನನ್ನ ಹುಳ ಮೊರಗಟ್ಲೆ ಸತ್ತಾಗ ಒಂದು ಮಾತು ಆಡಿದ್ನಾ? ನಿನ್ನೆ ಹೊಡೆಯೋಕೆ ಬಂದ, ಕೇಳೋಕೆ ಬರ್ಲಿಲ್ಲ.”

“ನಿನ್ನ ತಂಗಿ ಆ ಮನೇಲಿದ್ದಾಳೆ ಅನ್ನೋದು ಮರೆತುಹೋಗಿತ್ತಾ ನಿನಗೆ?”

ಅವಳು ಅಣ್ಣನ ಕೆನ್ನೆಗೆ ಬಾರಿಸಿದಳು. ತಾನು ಹೊಡೆಯುತ್ತೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅಂಗೈ ಉರಿಯಿತು. ಅಣ್ಣ ಕದಲಲಿಲ್ಲ, ಕತ್ತರಿಯ ಹಿಡಿಯನ್ನೂ ಬಿಡಲಿಲ್ಲ.

ಅವಳು ಗಂಡನ ಕಡೆ ತಿರುಗಿ ನೋಡಿದಳು. ಅವನು ತಲೆಯೆತ್ತಿ ಪಂಪುಮನೆಯ ಕಂಬವನ್ನು ನೋಡುತ್ತಿದ್ದ. ಹೆಂಡತಿ ಹೇಳಿದಾಗ ಸುಳ್ಳೆಂದು ಹೊಡೆದು ಹಾಕಬಹುದಿತ್ತು. ವೈರಿಯೇ ಹೌದೆಂದಾಗ ಅದು ನಿಜವಾಗಿ ನಿಂತುಬಿಟ್ಟಿತು. ಅವನು ಇನ್ನೇನು ಹಾರೆ ಇಳಿಸಿಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಆದರೆ ಅವನ ದವಡೆ ಗಟ್ಟಿಯಾಯಿತು. ನಿನ್ನೆಯವರೆಗೆ ಅವನ ಸಿಟ್ಟಿಗೆ ಇದ್ದದ್ದು ಟೊಳ್ಳು ಕಾರಣ. ಈಗ ಅವನಿಗೆ ನಿಜವಾದ ಕಾರಣವೇ ಸಿಕ್ಕಿತ್ತು.

“ಗೊತ್ತಿದ್ದೂ,” ಎಂದ. “ಒಂದು ವರ್ಷದ ಬೆಳೆ ಕಣ್ಣೆದುರೇ ಹೋಗ್ತಿದ್ರೂ ಬೇಲಿ ಮೇಲೆ ಕೂತು ನೋಡಿದ್ಯಾ?”

ಹಾರೆ ಎತ್ತಿ ನುಗ್ಗಿದ. ಅವಳನ್ನು ಭುಜದಿಂದ ತಳ್ಳಿದ. ಅವಳು ಅಂಗಾತ ಬಿದ್ದಳು. ಬಿದ್ದಲ್ಲಿಂದಲೇ ಅಣ್ಣ ಮೈಭಾರವೆಲ್ಲ ಹಾಕಿ ಹಿಡಿಯ ಮೇಲೆ ಬಗ್ಗುವುದನ್ನು ಕಂಡಳು.

ಸದ್ದು ಗುಂಡಿನಂತೆ ಹಾರಿತು. ಕತ್ತರಿಸಿದ ತಂತಿ ನೆಲಬಿಟ್ಟು ಎದ್ದು, ಚಾಟಿಯಂತೆ ಗಾಳಿ ಸೀಳಿ, ಓಡಿಬರುತ್ತಿದ್ದ ಗಂಡನ ತೊಡೆಗೆ ಬಡಿಯಿತು. ಅವನು ಕೂಗಲಿಲ್ಲ. ಕಾಲು ಎಲ್ಲಿ ಹೋಯಿತು ಎಂಬಂತೆ ಕೆಳಗೆ ನೋಡಿ, ಹಿಮ್ಮುಖವಾಗಿ ಚಪ್ಪರದ ಕೆಳಕ್ಕೇ ಬಿದ್ದ. ಮೂಲೆಯ ಕಂಬ ಒಳಕ್ಕೆ ವಾಲಿತು. ಅದರ ಹಿಂದಿನದು, ಅದರ ಹಿಂದಿನದು. ಒಂದೊಂದೇ ಮಂಡಿಯೂರಿದ ಹಾಗೆ. ಮೇಲಿದ್ದ ಹಸಿರು ಗುಡ್ಡ ಜರುಗುಟ್ಟುತ್ತ ಇಳಿದು ಅವನನ್ನು ಮುಚ್ಚಿಬಿಟ್ಟಿತು.

“ನಾನು… ಅವನು ಅಷ್ಟು ಹತ್ರ ಬರ್ತಾನೆ ಅಂತ…” ಎಂದ ಅಣ್ಣ. ಕತ್ತರಿ ಕೈಯಿಂದ ಜಾರಿತ್ತು.

ಅವಳು ಆಗಲೇ ಹೊಟ್ಟೆಯ ಮೇಲೆ ತೆವಳಿ ಒಳಗೆ ನುಗ್ಗಿದ್ದಳು. ಎಲೆಗಳು ಮುಖಕ್ಕೆ ಒತ್ತುತ್ತಿದ್ದವು, ಹಂಬುಗಳು ಕೂದಲಿಗೆ ಸುತ್ತಿಕೊಳ್ಳುತ್ತಿದ್ದವು. ಹಲ್ಲಿನಲ್ಲಿ, ಉಗುರಿನಲ್ಲಿ ಹರಿದುಕೊಂಡು ಮುಂದೆ ಹೋದಳು. ಅವನ ಕೈ ಸಿಕ್ಕಿತು. ತೊಡೆಯ ಮಾಂಸ ಬಾಯಿಬಿಟ್ಟಿತ್ತು. ನೆತ್ತರು ಬಗ್ಗಡದ ನೀರಿನಂತೆ ಮಣ್ಣಿಗೆ ಇಳಿಯುತ್ತಿತ್ತು. ಅವನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗಾಯದ ಮೇಲ್ಗಡೆ ಸುತ್ತಿ, ಮೊಣಕಾಲು ಒತ್ತಿ, ಅವನು ತಂತಿ ಎಳೆಯುವ ಹಾಗೆಯೇ ಬಿಗಿದಳು.

ಮೇಲೆ ಏನೋ ಕಿರ್ರೆಂದಿತು. ಅರ್ಧಕ್ಕೆ ನಿಂತಿದ್ದ ಮೂಲೆಕಂಬ, ಹಿಡಿದಿದ್ದ ತಂತಿಗಳು ಒಂದೊಂದಾಗಿ ಜಾರುತ್ತಿದ್ದಂತೆ, ಅವರ ಕಡೆಗೆ ಇಳಿಯುತ್ತಿತ್ತು.

“ಅಣ್ಣಾ! ಕಂಬ! ಕಂಬ ಹಿಡಿ!”

ಓಡಿಬಂದ ಹೆಜ್ಜೆ ಕೇಳಿಸಿತು. ಕಂಬ ನಿಂತಿತು. ಎಲೆಗಳ ಸಂದಿಯಲ್ಲಿ ಅವಳಿಗೆ ಅಣ್ಣನ ಕಾಲುಗಳು ಕಂಡವು. ಮೊಣಕಾಲಿನ ಕೆಳಗೆ ಬರಿಗಾಲು, ಮಣ್ಣಿನಲ್ಲಿ ಹೂತ ಹಿಮ್ಮಡಿ, ಭಾರಕ್ಕೆ ನಡುಗುವ ಮೀನಖಂಡ. ಮೇಲೆ ಅವನ ಭುಜ ಕಂಬಕ್ಕೆ ಆನಿಕೊಂಡಿತ್ತು. ಅವನ ಪಕ್ಕದಲ್ಲಿ ಗಿಣಿ ಅಳುತ್ತ ತಳ್ಳುತ್ತಿದ್ದ.

ಅವಳು ಗಂಡನ ಕಡೆ ತಿರುಗಿದಳು. ಅವನೂ ಆ ಕಾಲುಗಳನ್ನೇ ನೋಡುತ್ತಿದ್ದ. ಹಾರೆ ಇನ್ನೂ ಅವನ ಕೈಯಲ್ಲಿತ್ತು. ಮಲಗಿದಲ್ಲಿಂದಲೇ ಬೀಸಿದರೆ ಎಟುಕುವಷ್ಟು ಹತ್ತಿರ. ಬೆರಳುಗಳು ಬಿಗಿಯುವುದನ್ನು ಅವಳು ಕಂಡಳು.

ಅವಳು ಹಾರೆ ಹಿಡಿಯಲಿಲ್ಲ. ಹಿಡಿದರೆ ಅವನು ಜಗ್ಗುತ್ತಾನೆ. ಅವನ ಕಿವಿಯ ಹತ್ತಿರ ಬಾಯಿಟ್ಟು ಮೆಲ್ಲಗೆ ಹೇಳಿದಳು: “ಹೊಡೀರಿ. ಆ ಕಂಬ ಮೊದಲು ಬೀಳೋದು ನನ್ನ ಮೇಲೆ. ನಾನು ಜರುಗಲ್ಲ.”

ಅವನ ಉಸಿರು ಸೀಟಿಯಂತೆ ಬರುತ್ತಿತ್ತು. ಕಣ್ಣು ಅಣ್ಣನ ಕಾಲಿನಿಂದ ಕಂಬಕ್ಕೆ, ಕಂಬದಿಂದ ಮೇಲಿನ ತಂತಿಗಳಿಗೆ ಹೋಯಿತು. ಅಲ್ಲೇ ನಿಂತಿತು. ಒಂದು ತಂತಿ ಜಾರಿತು. ಅಣ್ಣ ನರಳಿದ, ಮುರಿದ ಕೈಯನ್ನೂ ಕಂಬಕ್ಕೆ ಕೊಟ್ಟಿದ್ದ.

“ಎಡಕ್ಕೆ,” ಎಂದ ಗಂಡ.

“ಏನು?”

“ಎಡಕ್ಕೆ ತಳ್ಳಕ್ಕೆ ಹೇಳು ಆ ಕತ್ತೆಗೆ. ಬಲಕ್ಕೆ ತಳ್ತಿದ್ದಾನೆ. ಮೇಲಿನ ತಂತಿ ಕಳಚ್ಕೊಳುತ್ತೆ.” ಆಮೇಲೆ ಹಾರೆಯನ್ನು ಮಣ್ಣಿನ ಮೇಲೆ ಹೊರಕ್ಕೆ ತಳ್ಳಿದ. “ಗಿಣಿ! ಇದನ್ನ ಕಂಬದ ಕುತ್ತಿಗೆ ಕೆಳಗೆ ಕೊಡು. ನೆಟ್ಟಗಲ್ಲ, ಓರೆಯಾಗಿ. ಬುಡಕ್ಕೆ ಕಲ್ಲಿಡು.”

ಗಿಣಿ ಹಾಗೇ ಮಾಡಿದ. ಭಾರ ಹಾರೆಯ ಮೇಲೆ ಕೂತಿತು. ಅವಳು ಗಂಡನ ಕಂಕುಳಿಗೆ ಕೈಕೊಟ್ಟು ಹಿಂದಕ್ಕೆ ತೆವಳಿದಳು. ಗೇಣು ಗೇಣಾಗಿ ಎಳೆದಳು. ಅವನು ಕಿರುಚಿದ, ಬೈದ, ಮಣ್ಣು ಕಚ್ಚಿದ. ಹೊರಗೆ ಬಂದ ಮೇಲೆ ಅಣ್ಣ ಕಂಬ ಬಿಟ್ಟು ಪಕ್ಕಕ್ಕೆ ಕುಸಿದ.

ಇಬ್ಬರೂ ಒಂದು ಮಾರು ದೂರದಲ್ಲಿ, ಏದುಸಿರು ಬಿಡುತ್ತ ಬಿದ್ದಿದ್ದರು. ಅತ್ತೆ ನೀರಿನ ಚೊಂಬು ಹಿಡಿದು ಯಾರಿಗೆ ಮೊದಲು ಕೊಡಲಿ ಎಂದು ತೋಚದೆ ನಿಂತಿದ್ದಳು.

“ಗೊತ್ತಿದ್ದೂ ಹೇಳ್ಲಿಲ್ಲ ನೀನು,” ಎಂದ ಗಂಡ, ಆಕಾಶ ನೋಡುತ್ತ.

“ಕೇಳ್ಲಿಲ್ಲ ನೀನು.”

“ಕಾಲು ಸರಿಹೋಗ್ಲಿ, ಮಾತಾಡ್ಕೋತೀನಿ ನಿನ್ನ ಹತ್ರ.”

“ಬಾ. ನನ್ನ ಕೈಯೂ ಅಷ್ಟೊತ್ತಿಗೆ ಕೂಡಿರುತ್ತೆ.”

“ಬಾಯಿ ಮುಚ್ಚಿ ಇಬ್ರೂ!” ಎಂದಳು ಅವಳು. ಆ ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ. “ಗಿಣಿ, ವ್ಯಾನು ತಾ.”

ಕಾಯಿ ಸಾಗಿಸುವ ವ್ಯಾನಿನ ಹಿಂದೆ, ಖಾಲಿ ಚೀಲಗಳ ಮೇಲೆ ಗಂಡನನ್ನು ಮಲಗಿಸಿದರು. ಬೇರೆ ವ್ಯಾನಿರಲಿಲ್ಲ, ಅಣ್ಣನೂ ಅದರಲ್ಲೇ ಹತ್ತಿ, ಎದುರು ಬದಿಗೆ ಒರಗಿ ಕೂತ. ಅವಳು ನಡುವೆ ಕೂತಳು. ರಸ್ತೆಯ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಇಬ್ಬರೂ ಒಟ್ಟಿಗೆ ನರಳುತ್ತಿದ್ದರು, ಆಮೇಲೆ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಅವಳು ಒಂದು ಕೈಯಿಂದ ಗಂಡನ ಗಾಯವನ್ನು ಒತ್ತಿ ಹಿಡಿದಿದ್ದಳು. ಇನ್ನೊಂದು ಕೈಯನ್ನು ಅಣ್ಣನ ಎದೆಗೆ ಅಡ್ಡವಾಗಿ ಚಾಚಿ ಇಟ್ಟವಳು, ಆಸ್ಪತ್ರೆಯ ಗೇಟು ಬರುವವರೆಗೂ ತೆಗೆಯಲಿಲ್ಲ.